ನೋಡೋಣಪ್ಪನ ಮನೆಯ ಸೂರು

ಊರಿನವರ ದೂರನ್ನೆಲ್ಲ ಕೇಳಿ ಕೇಳಿ ಕಿವಿ ಸವೆಸಿಕೊಂಡವನ ಮನೆಯ ಸೂರೇ ಬಿದ್ದರೆ ಅವನು ಯಾರ ಹತ್ತಿರ ಹೋಗಿ ದೂರಬೇಕು? ಈ ಪ್ರಶ್ನೆ ಕೇಳಿದವಳು ನಮ್ಮ ಚಿಕ್ಕಮ್ಮ. ಕೇಳುವಾಗ ಅವಳ ಕೈಯಲ್ಲಿ ಪೊರಕೆ ಇತ್ತು, ತಲೆಯ ಮೇಲೆ ಗಾರೆಯ ಪುಡಿ ಇತ್ತು, ಎದುರಿಗೆ ನಮ್ಮ ಚಿಕ್ಕಪ್ಪ ಇದ್ದ.

ಚಿಕ್ಕಪ್ಪನ ಹೆಸರನ್ನು ಅವನ ಆಫೀಸಿನವರೇ ಮರೆತಿದ್ದರು. ಎಲ್ಲರ ಬಾಯಲ್ಲೂ ಅವನು ನೋಡೋಣಪ್ಪ. ಬಸ್ಸಿನ ಕಚೇರಿಯಲ್ಲಿ ದೂರು ತೆಗೆದುಕೊಳ್ಳುವ ಕಿಟಕಿಯ ಹಿಂದೆ ಕೂತು ಆಯಸ್ಸು ಕಳೆದವನು. ಬಸ್ಸು ನಿಲ್ಲಿಸಲಿಲ್ಲ ಎನ್ನುವವರು, ಚಿಲ್ಲರೆ ಕೊಡಲಿಲ್ಲ ಎನ್ನುವವರು, ಸೀಟಿನ ಮೇಲೆ ಕೊಡೆ ಮರೆತವರು, ಕೊಡೆ ನೆನಪಿಟ್ಟುಕೊಂಡು ಅತ್ತೆಯನ್ನು ಮರೆತವರು, ಎಲ್ಲರೂ ಆ ಕಿಟಕಿಗೇ ಬರಬೇಕು. ಬರುವಾಗ ಕೆಂಡದಂತೆ ಬಂದವರು ಹೋಗುವಾಗ ಬೂದಿಯಾಗಿ ಹೋಗುತ್ತಿದ್ದರು. ಚಿಕ್ಕಪ್ಪ ಮೊದಲು ಒಂದು ಲೋಟ ನೀರು ಕೊಡುವನು. ಆಮೇಲೆ "ಗಾಬರಿ ಮಾಡ್ಕೋಬೇಡಿ" ಎನ್ನುವನು. ಬಂದವರು ಬಾಯಿ ತೆರೆಯುವ ಮುಂಚೆಯೇ ಅವರ ಕಷ್ಟದಲ್ಲಿ ಅರ್ಧ ತಾನೇ ಹೇಳಿ ಮುಗಿಸುವನು. ಕೊನೆಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ "ನೋಡೋಣ" ಎನ್ನುವನು. ಅದನ್ನು ಎಷ್ಟು ಅಕ್ಕರೆಯಿಂದ ಹೇಳುತ್ತಿದ್ದನೆಂದರೆ ದೂರು ತಂದವರೇ ಅವನಿಗೆ ಕೈ ಮುಗಿದು ಹೋಗುತ್ತಿದ್ದರು. ಬಸ್ಸು ಮಾತ್ರ ಮರುದಿನವೂ ನಿಲ್ಲುತ್ತಿರಲಿಲ್ಲ.

ನಿವೃತ್ತಿಯಾಯಿತು. ಅವನು ಕಿಟಕಿಯನ್ನು ಬಿಟ್ಟ, ಕಿಟಕಿ ಅವನನ್ನು ಬಿಡಲಿಲ್ಲ. ಹಾಲಿನವನು ನೀರು ಬೆರೆಸಿ ತಂದರೆ "ಪಾಪ, ಹಸುವಿಗೂ ಏನೋ ಕಷ್ಟ ಇರುತ್ತೆ" ಎನ್ನುವನು. ಇಸ್ತ್ರಿಯವನು ಅಂಗಿಯ ಬೆನ್ನು ಸುಟ್ಟರೆ "ಬೆನ್ನು ತಾನೇ, ನನಗೆ ಕಾಣಲ್ಲ" ಎನ್ನುವನು. ಚಿಕ್ಕಮ್ಮ ಹಲ್ಲು ಕಚ್ಚಿಕೊಂಡು ಇದನ್ನೆಲ್ಲ ನುಂಗಿದ್ದಳು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ಅವಳು ಬಾಯಿಪಾಠ ಮಾಡಿಕೊಂಡದ್ದೇ ಈ ಮದುವೆಯಲ್ಲಿ.

ಹೀಗಿರುವಾಗ ಚಿಕ್ಕಮ್ಮನ ಅಕ್ಕ, ಅಂದರೆ ನಮ್ಮ ದೊಡ್ಡಮ್ಮ, ಕಣ್ಣಿನ ಆಪರೇಷನ್ ಮಾಡಿಸಿಕೊಳ್ಳಬೇಕಾಗಿ ಬಂತು. ದೊಡ್ಡಮ್ಮನ ಒಂದು ಕಣ್ಣು ಹಿಂದೆಯೇ ಹೋಗಿತ್ತು. ಆಪರೇಷನ್ ಆಗಿ, ಗಾಯಕ್ಕೆ ಧೂಳು ಬಿದ್ದು, ಕೀವಾಗಿ ಹೋದ ಕಣ್ಣು ಅದು. ಈಗ ಉಳಿದ ಇನ್ನೊಂದಕ್ಕೆ ಆಪರೇಷನ್. ದೊಡ್ಡಮ್ಮ ಇದ್ದದ್ದು ಮರಗೆಲಸದ ಅಂಗಡಿಯ ಮೇಲಿನ ಕೋಣೆಯಲ್ಲಿ. ಬೆಳಗಿನಿಂದ ಸಂಜೆಯವರೆಗೆ ಕೆಳಗೆ ಗರಗಸ, ಮೇಲೆ ಮರದ ಹುಡಿ. ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. "ಅಲ್ಲಿಗೆ ಮಾತ್ರ ವಾಪಸ್ ಹೋಗ್ಬೇಡಿ. ಧೂಳಿಲ್ಲದ ಕೋಣೇಲಿ ಇರಿ. ಈ ಕಣ್ಣಿಗೆ ಇನ್ನೊಂದು ಕಣ್ಣಿನ ಜೊತೆ ಇಲ್ಲ, ನೆನಪಿರ್ಲಿ."

ಚಿಕ್ಕಮ್ಮ ತನ್ನ ಹಿಂಬದಿಯ ಕೋಣೆಯನ್ನು ಅಕ್ಕನಿಗಾಗಿ ಅಣಿ ಮಾಡಿದಳು. ಪರದೆ ಒಗೆದಳು, ನೆಲ ಉಜ್ಜಿದಳು, ಹಾಸಿಗೆಯನ್ನು ಬಿಸಿಲಿಗೆ ಹಾಕಿ ಬಡಿದಳು, ಫ್ಯಾನಿನ ರೆಕ್ಕೆಗಳನ್ನು ಮಗುವಿನ ಮುಖ ಒರೆಸುವ ಹಾಗೆ ಒರೆಸಿದಳು. ಹೊಸ ಹೊದಿಕೆ ಹಾಸಿ ಬಾಗಿಲಲ್ಲಿ ನಿಂತು ಒಮ್ಮೆ ನೋಡಿ ಹಿತ್ತಲಿಗೆ ಹೋದಳು. ಅಷ್ಟರಲ್ಲಿ ಮೇಲೆ ಗರ್ರೋ ಎಂದು ಯಂತ್ರ ಶುರುವಾಯಿತು.

ಮೇಲ್ಮನೆಯ ಮಾಲೀಕರು ಇರುವುದು ಬೇರೆ ಊರಿನಲ್ಲಿ. ಬಚ್ಚಲುಮನೆ ಒಡೆದು ಹೊಸದು ಕಟ್ಟುವ ಕೆಲಸವನ್ನು ಒಬ್ಬ ಕಂಟ್ರಾಕ್ಟರನಿಗೆ ವಹಿಸಿದ್ದರು. ಫೋನ್ ಮಾಡಿದರೆ "ಅವರನ್ನೇ ಕೇಳಿ" ಎಂದು ಇಟ್ಟುಬಿಡುವ ಪೈಕಿ. ಆ ದಿನ ಮೇಸ್ತ್ರಿ ಹಳೆಯ ನೆಲ ಅಗೆಯುತ್ತಿದ್ದ. ಅಗೆದದ್ದು ಹೆಚ್ಚಾಯಿತು. ಕೆಳಗಿನ ಸೂರಿನ ಗಾರೆ ದೊಡ್ಡ ಚಪ್ಪಡಿಯಾಗಿ ಕಳಚಿ, ಹೊಸ ಹೊದಿಕೆ ಹಾಸಿದ ಮಂಚದ ನಟ್ಟನಡುವೆ ಕೂತಿತು. ಮಂಚ ನಡು ಮುರಿದುಕೊಂಡಿತು. ಹಿಂದೆಯೇ ಒಡೆದ ಪೈಪಿನ ನೀರು. ನೀರಿನ ಹಿಂದೆ ಒಂದು ತೂತು. ತೂತಿನಲ್ಲಿ ಮೇಸ್ತ್ರಿಯ ಬೆದರಿದ ಮುಖ.

ಮೇಸ್ತ್ರಿ ಓಡಿಬಂದ. "ಯಾರಾದ್ರೂ ಇದ್ರಾ ಒಳಗೆ? ಯಾರ ಮೇಲಾದ್ರೂ ಬಿತ್ತಾ?"

ಚಿಕ್ಕಪ್ಪ ಮಾಡಬಾರದ್ದನ್ನು ಮಾಡಿದ್ದು ಆಗ. ಬೇರೆ ಯಾರೇ ಆಗಿದ್ದರೂ ಬೈಯುತ್ತಿದ್ದರು, ಇಲ್ಲವೇ ಅಳುತ್ತಿದ್ದರು. ಇವನು ಒಂದು ಲೋಟ ನೀರು ತಂದುಕೊಟ್ಟ. "ಗಾಬರಿ ಮಾಡ್ಕೋಬೇಡಿ, ಯಾರಿಗೂ ಏನೂ ಆಗಿಲ್ಲ. ಹಳೇ ಮನೆ ಇದು. ಗಾರೆ ಮೊದಲೇ ಸಡಿಲ ಇತ್ತು. ಕೂತ್ಕೊಳ್ಳಿ, ನೀರು ಕುಡೀರಿ."

ಮೇಸ್ತ್ರಿ ನೀರು ಕುಡಿದ. ಆ ಮಾತು ಸಂಜೆಯೊಳಗೆ ಕಂಟ್ರಾಕ್ಟರನ ಕಿವಿ ಮುಟ್ಟಿತು.

ಕಂಟ್ರಾಕ್ಟರ್ ಎಣ್ಣೆ ಸವರಿದ ಹಾಗೆ ಮಾತಾಡುವವನು. ಚಪ್ಪಲಿ ಹೊರಗೆ ಬಿಟ್ಟು, ತಲೆ ಬಗ್ಗಿಸಿ ಒಳಗೆ ಬಂದ. ಸೂರು ನೋಡಿ ಲೊಚಗುಟ್ಟಿದ. "ಛೆ ಛೆ, ಹೀಗಾಗ್ಬಾರ್ದಿತ್ತು. ಆದ್ರೆ ಅಮ್ಮ, ಗಾರೆ ಮೊದಲೇ ಸಡಿಲ ಇತ್ತಂತಲ್ಲ. ಯಜಮಾನ್ರೇ ಹೇಳಿದ್ರಂತೆ."

ಚಿಕ್ಕಮ್ಮ ಗಂಡನ ಕಡೆ ತಿರುಗಿದಳು. ಚಿಕ್ಕಪ್ಪ ಸೂರನ್ನು ನೋಡತೊಡಗಿದ.

"ಆದ್ರೂ ನಾನು ನಿಮ್ಮ ಮನೆ ಮಗ ಇದ್ದ ಹಾಗೆ," ಕಂಟ್ರಾಕ್ಟರ್ ಮುಂದುವರಿಸಿದ. "ಕಸ ಗುಡಿಸೋಕೆ ಆಳು ಕಳಿಸ್ತೀನಿ. ಒಂದು ಡಬ್ಬ ಬಣ್ಣ ಕೂಡ ಕೊಡಿಸ್ತೀನಿ, ಯಾವ ಬಣ್ಣ ಬೇಕೋ ನೀವೇ ಹೇಳಿ."

"ಬಣ್ಣ ಎಲ್ಲಿಗಪ್ಪ ಹೊಡೀಲಿ," ಎಂದಳು ಚಿಕ್ಕಮ್ಮ, "ತೂತಿಗಾ?"

"ಅಮ್ಮ ತಮಾಷೆ ಮಾಡ್ತಾರೆ," ಎಂದು ನಕ್ಕ ಕಂಟ್ರಾಕ್ಟರ್ ಚಪ್ಪಲಿ ಮೆಟ್ಟಿಕೊಂಡು ಹೋದ. ಗುಡಿಸಲು ಆಳೂ ಬರಲಿಲ್ಲ. ನಾನು ಶುರುವಿನಲ್ಲಿ ಹೇಳಿದ ಆ ಪ್ರಶ್ನೆಯನ್ನು ಚಿಕ್ಕಮ್ಮ ಪೊರಕೆ ಹಿಡಿದು ಕೇಳಿದ್ದು ಆಗಲೇ. ಕೇಳಿದ ಮೇಲೆ ಇನ್ನೂ ಒಂದು ಮಾತು ಸೇರಿಸಿದಳು. "ಬಾಯಿ ಬಿಟ್ಟು ಕೆಡಿಸಿದವರು ನೀವು. ಬಾಯಿ ಬಿಟ್ಟೇ ಸರಿ ಮಾಡಿ. ಹೋಗಿ ಕೇಳ್ಕೊಂಡು ಬನ್ನಿ."

ಮರುದಿನ ಬೆಳಗ್ಗೆ ಚಿಕ್ಕಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಕಂಟ್ರಾಕ್ಟರನ ಆಫೀಸಿಗೆ ಹೋದ. ಮಧ್ಯಾಹ್ನ ದಾಟಿದ ಮೇಲೆ ಬಂದ. ಮುಖದಲ್ಲಿ ಒಂದು ತೃಪ್ತಿ ಇತ್ತು. ಚಿಕ್ಕಮ್ಮನಿಗೆ ಜೀವ ಬಂದಂತಾಯಿತು.

"ಏನಂದ?"

"ಅವನಿಗೂ ಬಹಳ ಕಷ್ಟ ಇದೆ ಕಣೆ. ಮೇಲ್ಮನೆಯೋರು ಇನ್ನೂ ದುಡ್ಡು ಬಿಡುಗಡೆ ಮಾಡಿಲ್ಲ. ಮರಳಿನ ಲಾರಿ ಕೈ ಕೊಟ್ಟಿದೆ. ಅವನ ತಮ್ಮ ಪಾಲು ಕೇಳ್ತಿದಾನೆ. ಪಾಪ, ಹೇಳ್ತಾ ಹೇಳ್ತಾ ಕಣ್ಣಲ್ಲಿ ನೀರು ಬಂತು. ನಾನೇ ಒಂದಿಷ್ಟು ಧೈರ್ಯ ಹೇಳಿ ಬಂದೆ."

ಚಿಕ್ಕಮ್ಮ ಬಹಳ ಮೆಲ್ಲಗೆ ಕೇಳಿದಳು. "ನಮ್ಮ ಸೂರಿನ ವಿಷಯ?"

"ನೋಡೋಣ ಅಂದ."

ಹಾಗೆಂದವನೇ ಚಿಕ್ಕಪ್ಪ ಅರ್ಧ ಬಿಚ್ಚಿದ ಅಂಗಿಯ ಗುಂಡಿ ಹಿಡಿದು ನಿಂತುಬಿಟ್ಟ. ತಾನು ಜೀವಮಾನವಿಡೀ ಬೇರೆಯವರಿಗೆ ಕೊಟ್ಟ ಮಾತು ಮೊದಲ ಸಲ ತನಗೇ ಸಿಕ್ಕಿತ್ತು. ಅದರ ಬೆಲೆ ಅವನಿಗೆ ಗೊತ್ತಿದ್ದಷ್ಟು ಲೋಕದಲ್ಲಿ ಇನ್ನಾರಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ದೊಡ್ಡಮ್ಮನನ್ನು ಆಸ್ಪತ್ರೆಯಿಂದ ಕರೆತರುವ ದಿನ ಬಂತು. ಕಪ್ಪು ಕನ್ನಡಕ ಹಾಕಿಕೊಂಡು ಆಟೊದಿಂದಿಳಿದ ದೊಡ್ಡಮ್ಮ, "ನನ್ನ ಅರಮನೆ ಎಲ್ಲಿ?" ಎಂದಳು. ಅರಮನೆಯನ್ನು ಮುಂಬದಿಯ ಕೋಣೆಯಲ್ಲಿ ಮಡಿಸುವ ಮಂಚದ ಮೇಲೆ, ಒದ್ದೆ ಸೀರೆಯ ಪರದೆಯ ಹಿಂದೆ ಕಟ್ಟಿದ್ದಾಗಿತ್ತು. ಚಿಕ್ಕಮ್ಮ ಗಳಿಗೆಗೊಮ್ಮೆ ಪರದೆ ಒದ್ದೆ ಮಾಡುವಳು, ಗಳಿಗೆಗೊಮ್ಮೆ ನೆಲ ಒರೆಸುವಳು. ಮೇಲೆ ಯಂತ್ರ ನಿಂತಿರಲಿಲ್ಲ. ಹಿಂದಿನ ಕೋಣೆಯ ತೂತಿನಿಂದ ಸಿಮೆಂಟಿನ ಪುಡಿ ಜರಡಿ ಹಿಡಿದಂತೆ ಉದುರುತ್ತಿತ್ತು. ಬಾಗಿಲ ಸಂದಿಗೆ ಬಟ್ಟೆ ತುರುಕಿದರೂ ಸಂಜೆಗೆ ಮೇಜಿನ ಮೇಲೆ ಬೆರಳಲ್ಲಿ ಅಕ್ಷರ ಬರೆಯಬಹುದಿತ್ತು.

ಡಾಕ್ಟರ ಬಳಿ ಮತ್ತೆ ತೋರಿಸಲು ಹೋದಾಗ ಕಣ್ಣು ಕೆಂಪಾಗಿತ್ತು. ಡಾಕ್ಟರು ದೀಪ ಹಿಡಿದು ನೋಡಿ, ದೀಪ ಆರಿಸಿ, ಚಿಕ್ಕಮ್ಮನ ಮುಖ ನೋಡಿದರು. "ಧೂಳಲ್ಲಿ ಇಟ್ಟಿದೀರಾ ಇವರನ್ನ? ಈಗ ಸಂಭಾಳಿಸಬಹುದು. ಇನ್ನೊಂದು ಸಲ ಹೀಗೇ ಬಂದ್ರೆ ನನ್ನ ಕೈಲಿ ಏನೂ ಇಲ್ಲ."

ದಾರಿಯುದ್ದಕ್ಕೂ ಚಿಕ್ಕಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ ಬಂದಳು. ದೊಡ್ಡಮ್ಮನೇ ಅವಳ ಬೆನ್ನು ಸವರಿ, "ಅಳಬೇಡವೇ. ನನಗೆ ಅಳೋ ಹಾಗಿಲ್ಲ, ಡಾಕ್ಟ್ರು ಬೇಡ ಅಂದಿದಾರೆ. ನೀನೂ ನನ್ನ ಪಾಲಿನದನ್ನ ಅತ್ರೆ ಹೇಗೆ," ಎಂದಳು.

ಮನೆಗೆ ಬಂದರೆ ಕಂಟ್ರಾಕ್ಟರ್ ಕಾದು ಕೂತಿದ್ದ. ಒಂದು ಲಕೋಟೆ ಮುಂದಿಟ್ಟ. "ಇದನ್ನ ಇಟ್ಕೊಳ್ಳಿ, ವಿಷಯ ಇಲ್ಲಿಗೆ ಮುಗಿಸಿಬಿಡೋಣ. ಮೊದಲೇ ಸಡಿಲ ಇದ್ದ ಗಾರೆಗೆ ನಾನು ಇಷ್ಟು ಕೊಡಬೇಕಾಗೇ ಇಲ್ಲ. ಮನುಷ್ಯತ್ವ ಅಂತ ಕೊಡ್ತಿದೀನಿ."

ಚಿಕ್ಕಮ್ಮ ಲಕೋಟೆಯ ಬಾಯಿ ಅಗಲಿಸಿ ನೋಡಿದಳು. ಹಾಸಿಗೆಗೂ ಸಾಲದಷ್ಟಿತ್ತು. "ಮೂಗಿಗೆ ತುಪ್ಪ ಸವರಿದ್ರೆ ಹೊಟ್ಟೆ ತುಂಬಲ್ಲಪ್ಪ," ಎಂದು ಅವನ ಅಂಗಿಯ ಜೇಬಿಗೇ ಅದನ್ನು ತುರುಕಿದಳು. ಅವನು ಹೋದ ಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಗಂಡನೆದುರು ನಿಂತಳು.

"ಒಂದು ಕೇಳ್ತೀನಿ, ಸರಿಯಾಗಿ ಹೇಳಿ. ಆ ಕಿಟಕಿ ಹಿಂದೆ ಕೂತು ಅಷ್ಟು ಜನಾನ ವಾಪಸ್ ಕಳಿಸಿದ್ರಲ್ಲ. ಯಾರ ಎದುರಿಗಾದ್ರೂ ಸೋತಿದೀರಾ?"

"ಕೂಗಾಡೋರು ಸುಲಭ," ಎಂದ ಚಿಕ್ಕಪ್ಪ. "ಕೂಗಿ ಕೂಗಿ ಅವರೇ ಸುಸ್ತಾಗ್ತಾರೆ. ಅರ್ಜಿ ಬರೆಯೋರು ಅದಕ್ಕಿಂತ ಸುಲಭ. ಅರ್ಜಿ ಮೇಲೆ ಇನ್ನೊಂದು ಅರ್ಜಿ ಇಟ್ಟರಾಯ್ತು. ದೊಡ್ಡೋರ ಹೆಸರು ಹೇಳೋರಿಗೆ ಕುರ್ಚಿ ಕೊಟ್ಟರೆ ಸಾಕು, ಮರ್ತೇಬಿಡ್ತಾರೆ. ಸೋತದ್ದು ಒಬ್ಬನ ಹತ್ರ. ಬಸ್ಸಿನ ಮೇಲಿಂದ ಬಿದ್ದು ಅವನ ಟ್ರಂಕು ಅಪ್ಪಚ್ಚಿಯಾಗಿತ್ತು. ಬೆಳಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಬುತ್ತಿ ಕಟ್ಕೊಂಡು ಬಂದು ಎದುರಿನ ಬೆಂಚಲ್ಲಿ ಕೂರೋನು. ಕೂಗ್ಲಿಲ್ಲ, ಬೈಲಿಲ್ಲ. ನಾನು ತಲೆ ಎತ್ತಿದಾಗೆಲ್ಲ 'ನನ್ನ ಟ್ರಂಕು ಎಲ್ಲಿ ಸ್ವಾಮಿ' ಅಂತ ಅಷ್ಟೇ ಕೇಳೋನು. ನೀರು ಕೊಟ್ಟೆ, ಕುಡಿದ. ಸಮಾಧಾನ ಹೇಳಿದೆ, ಕೇಳಿಸ್ಕೊಂಡ. ಆಮೇಲೆ 'ನನ್ನ ಟ್ರಂಕು ಎಲ್ಲಿ' ಅಂದ. ಕೊನೆಗೆ ನಮ್ಮ ಸಾಹೇಬ್ರಿಗೇ ತಡೆಯೋಕಾಗ್ದೆ ಹೊಸ ಟ್ರಂಕು ತರಿಸಿಕೊಟ್ರು."

"ಇದನ್ನ ಮೊದಲೇ ಹೇಳೋಕೆ ನಿಮಗೇನಾಗಿತ್ತು?"

"ನೀನು ಕೇಳ್ಲಿಲ್ವಲ್ಲ."

ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. ಒದ್ದೆ ಪರದೆಯ ಹಿಂದಿನಿಂದ ದೊಡ್ಡಮ್ಮನ ದನಿ ಬಂತು. "ರೀ ನೋಡೋಣಪ್ಪ, ಆ ಕಂಟ್ರಾಕ್ಟರ್ ಆಫೀಸಲ್ಲಿ ಧೂಳಿದೆಯಾ?"

"ಇಲ್ಲ ಅಕ್ಕ. ಗಾಜಿನ ಬಾಗಿಲು. ಎ.ಸಿ. ಇದೆ. ಗಿರಾಕಿಗಳಿಗೆ ಅಂತ ಉದ್ದನೆ ಸೋಫಾ ಹಾಕಿದಾನೆ."

"ಉದ್ದ ಅಂದ್ರೆ, ಕಾಲು ಚಾಚಬಹುದಾ?"

"ಚಾಚಬಹುದು."

"ಹಾಗಾದ್ರೆ ನಾಳೆ ಬೆಳಗ್ಗೆ ನನ್ನ ದಿಂಬು ತಗೋಳೆ," ಎಂದಳು ದೊಡ್ಡಮ್ಮ ತಂಗಿಗೆ. "ಡಾಕ್ಟ್ರು ಧೂಳಿಲ್ಲದ ಕೋಣೆ ಅಂದ್ರು. ಯಾರ ಕೋಣೆ ಅಂತ ಹೇಳ್ಲಿಲ್ಲ."

ಬೆಳಗ್ಗೆ ಆಫೀಸು ತೆರೆಯುವ ಹೊತ್ತಿಗೆ ಮೂವರೂ ಅಲ್ಲಿದ್ದರು. ದೊಡ್ಡಮ್ಮ ಸೋಫಾದ ಒಂದು ತುದಿಯಲ್ಲಿ ದಿಂಬು ಇಟ್ಟು, ಕಪ್ಪು ಕನ್ನಡಕ ಸರಿಮಾಡಿಕೊಂಡು ಒರಗಿದಳು. ಸುತ್ತ ನಲ್ಲಿಗಳು, ಟೈಲ್ಸುಗಳು, ಗಾಜಿನ ಪೆಟ್ಟಿಗೆಯೊಳಗೆ ಗೊಂಬೆಮನೆಯಂಥ ಮನೆ. ಕಂಟ್ರಾಕ್ಟರ್ ಬಂದವನೇ ಬಾಗಿಲಲ್ಲೇ ನಿಂತ.

"ಏನಜ್ಜಿ ಇದು?"

"ಅಜ್ಜಿ ಅಂದ್ರೆ ಆಸ್ತಿ ಬರಲ್ಲಪ್ಪ," ಎಂದಳು ದೊಡ್ಡಮ್ಮ. "ನನ್ನ ಕೋಣೆ ಯಾವಾಗ ಸಿದ್ಧ ಆಗುತ್ತೆ?"

ಕಪ್ಪು ಕನ್ನಡಕದ ಹಿಂದೆ ಅವಳು ನೋಡುತ್ತಿದ್ದಾಳೋ ನಿದ್ದೆ ಮಾಡುತ್ತಿದ್ದಾಳೋ ಯಾರಿಗೂ ತಿಳಿಯುತ್ತಿರಲಿಲ್ಲ. ಫೋನಿನಲ್ಲಿ ಮಾತಾಡುವಾಗ ಕಂಟ್ರಾಕ್ಟರ್ ದನಿ ತಗ್ಗಿಸಿದರೂ ಅವಳ ತಲೆ ಮೆಲ್ಲಗೆ ಅತ್ತ ತಿರುಗುವುದು. ಗಂಟೆಗೊಮ್ಮೆ ಚಿಕ್ಕಮ್ಮ ಎದ್ದು ಕಣ್ಣಿಗೆ ಹನಿ ಹಾಕುವಳು. ಬಚ್ಚಲುಮನೆಯ ಟೈಲ್ಸ್ ಆರಿಸಲು ಬಂದ ಗಂಡ ಹೆಂಡತಿ ಇದನ್ನು ನೋಡಿ ನಿಂತರು.

"ಏನಾಗಿದೆ ಅಮ್ಮ ಇವರಿಗೆ?" ಎಂದು ಹೆಂಡತಿ ಕೇಳಿದಳು.

ದೊಡ್ಡಮ್ಮನೇ ಉತ್ತರ ಕೊಟ್ಟಳು. ಅವಳ ದನಿ ಬೆಣ್ಣೆಯಂತಿತ್ತು. "ಏನಿಲ್ಲ ತಾಯಿ, ಕಣ್ಣಿನ ಆಪರೇಷನ್. ನಾನಿರಬೇಕಾದ ಕೋಣೆ ಸೂರನ್ನ ಇವರ ಕಡೆಯೋರು ಕೆಳಗಿಳಿಸಿದಾರೆ. ಮೇಲಿನ ಮನೇಲಿ ಕೆಲಸ ಮಾಡ್ತಾ ಮಾಡ್ತಾ. ಬಹಳ ಒಳ್ಳೆ ಜನ, ಈಗಷ್ಟೇ ಕುಡಿಯೋಕೆ ನೀರು ಕೊಟ್ರು. ನಿಮ್ಮದೂ ಕೆಳಗೆ ಯಾರಾದ್ರೂ ಇರೋ ಮನೆಯಾ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ನಾಳೆ ಬರುತ್ತೇವೆಂದು ಹೋದರು. ನಾಳೆ ಬರಲಿಲ್ಲ. ದೊಡ್ಡಮ್ಮ ಬಂದಳು. ಮರುದಿನವೂ ಬಂದಳು.

ಕೊನೆಗೆ ಕಂಟ್ರಾಕ್ಟರನ ಎಣ್ಣೆಯೆಲ್ಲ ಬತ್ತಿತು. ಹೆಂಗಸರನ್ನು ಬಿಟ್ಟು ಮೆತ್ತಗಿನವನ ಕಡೆ ತಿರುಗಿದ. "ಸಾರ್, ನೀವು ತಿಳಿದೋರು. ನನ್ನ ಕಷ್ಟ ಕೇಳಿದೋರು. ಗಾರೆ ಮೊದಲೇ ಸಡಿಲ ಇತ್ತು ಅಂತ ನೀವೇ ಹೇಳಿದ್ರಿ. ಹೇಳಿದ್ರೋ ಇಲ್ಲವೋ?"

ಗಂಡನ ಬಾಯಿಂದ ಈಗ "ಪರವಾಗಿಲ್ಲ ಬಿಡಿ" ಬರುತ್ತದೆ, ಅಲ್ಲಿಗೆ ಅಕ್ಕನ ಕಣ್ಣು ಮುಗಿಯಿತು ಎಂದುಕೊಂಡಳು ಚಿಕ್ಕಮ್ಮ. ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡ. ಬೆವರುತ್ತಿದ್ದ.

"ಹೇಳಿದೆ," ಎಂದ. "ನಿಮ್ಮ ಮೇಸ್ತ್ರಿ ನಡುಗ್ತಾ ಇದ್ದ, ಅವನಿಗೆ ಸಮಾಧಾನ ಆಗ್ಲಿ ಅಂತ ಹೇಳಿದೆ. ಸಡಿಲ ಇತ್ತೋ ಇಲ್ಲವೋ ನಾನೇನು ಏಣಿ ಹತ್ತಿ ನೋಡಿದವನಲ್ಲ. ಇದ್ದರೂ ಇರಬಹುದು. ಸಡಿಲ ಇದ್ದದ್ದು ನಮ್ಮ ತಲೆ ಮೇಲೆ ಇಷ್ಟು ವರ್ಷ ನೇತಾಡ್ತಾನೇ ಇತ್ತಲ್ಲ, ನಿಮ್ಮ ಯಂತ್ರ ಬರೋತನಕ. ಮೇಸ್ತ್ರೀನ ಕರೆಸಿ. ಅವನೇ ಹೇಳ್ಲಿ."

ಮೇಸ್ತ್ರಿ ಬಂದು ಗಾಜಿನ ಬಾಗಿಲ ಹತ್ತಿರವೇ ನಿಂತ. ಯಜಮಾನನ ಮುಖ ನೋಡಿದ, ಚಿಕ್ಕಪ್ಪನ ಮುಖ ನೋಡಿದ, ಕೊನೆಗೆ ಕಪ್ಪು ಕನ್ನಡಕ ನೋಡಿದ. "ಉಳಿ ಸುತ್ತಿಗೆಯಲ್ಲಿ ಒಡೀಬೇಕಿತ್ತು," ಎಂದ ತಗ್ಗಿದ ದನಿಯಲ್ಲಿ. "ಬೇಗ ಮುಗೀಲಿ ಅಂತ ಮಷೀನು ಹಾಕಿದ್ವಿ. ನೀವೇ ಹಾಕಿ ಅಂದ್ರಿ ಸಾರ್. ಆ ಯಜಮಾನ್ರು ನನ್ನನ್ನ ಬೈಯದೆ ನೀರು ಕೊಟ್ರು. ಅವರೆದುರು ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ."

ಕಂಟ್ರಾಕ್ಟರ್ ಸ್ವಲ್ಪ ಹೊತ್ತು ಗಾಜಿನ ಪೆಟ್ಟಿಗೆಯ ಮನೆಯನ್ನೇ ನೋಡಿದ. "ನೋಡೋಣ ಸಾರ್," ಎಂದ.

"ನೋಡೋಣ," ಎಂದ ಚಿಕ್ಕಪ್ಪನೂ. ಎಂದು ದೊಡ್ಡಮ್ಮನ ಪಕ್ಕದಲ್ಲಿ ಸೋಫಾದ ಮೇಲೆ ಕೂತುಕೊಂಡ. "ನೀವು ನೋಡೋತನಕ ನಾವು ಇಲ್ಲೇ ಕೂತಿರ್ತೀವಿ." ಚಿಕ್ಕಮ್ಮ ಬುತ್ತಿಯ ಡಬ್ಬಿ ತೆಗೆದಳು.

ಊಟ ಮುಗಿಯುವ ಮೊದಲೇ ಮಾತು ಶುರುವಾಯಿತು. ಬಿದ್ದಷ್ಟಕ್ಕೆ ಮಾತ್ರ ಗಾರೆ ಹಾಕಿಸುತ್ತೇನೆಂದ ಕಂಟ್ರಾಕ್ಟರ್. ಚಿಕ್ಕಪ್ಪ ತಲೆಯಾಡಿಸಿದ. ಸಡಿಲಾದ ಗಾರೆಯನ್ನೆಲ್ಲ ಕಿತ್ತು ಇಡೀ ಸೂರಿಗೆ ಹೊಸದಾಗಿ ಹಾಕಬೇಕು. ಮೇಲಿನ ಪೈಪು ಸರಿಯಾಗಬೇಕು. ಅಲ್ಲಿಯವರೆಗೆ ಮೇಲೆ ಯಂತ್ರ ಮುಟ್ಟಬಾರದು. ಮಂಚ, ಹಾಸಿಗೆ ಕೊಡಿಸಬೇಕು. "ಆ ಕೋಣೇಲಿ ಒಡೆದಿರೋ ಬೀರುವಿನ ಗಾಜು?" ಎಂದು ಕಂಟ್ರಾಕ್ಟರ್ ತಾನೇ ಕೇಳಿದ, ಸೋತವನ ದನಿಯಲ್ಲಿ.

"ಅದು ಮೊದಲೇ ಒಡೆದಿತ್ತು," ಎಂದ ಚಿಕ್ಕಪ್ಪ.

ಚಿಕ್ಕಮ್ಮ ಅವನ ಕಾಲನ್ನು ತನ್ನ ಕಾಲಿನಿಂದ ಬಲವಾಗಿ ತುಳಿದಳು. "ಒಡೆದಿತ್ತು ಕಣೆ," ಎಂದ ಅವನು. "ಇಲ್ಲದ್ದನ್ನ ಹೇಗೆ ಕೇಳ್ಲಿ?"

ಕಂಟ್ರಾಕ್ಟರ್ ಅವನನ್ನು ಒಂದು ಥರ ನೋಡಿದ. ಆಮೇಲೆ ಚೌಕಾಸಿ ಮಾಡಲಿಲ್ಲ.

ಕೆಲಸ ನಡೆಯುವಷ್ಟು ದಿನ ಮನೆಯಲ್ಲಿ ಧೂಳು ಏಳುತ್ತದಲ್ಲ, ಆಗ ದೊಡ್ಡಮ್ಮ ಎಲ್ಲಿರಬೇಕು? ಇನ್ನೆಲ್ಲಿ, ಸೋಫಾದ ಮೇಲೆ. ಹಗಲೆಲ್ಲ ಅಲ್ಲೇ ಇದ್ದು, ಮೇಸ್ತ್ರಿ ಕೆಲಸ ನಿಲ್ಲಿಸಿ ನೆಲ ಒರೆಸಿದ ಮೇಲೆ ಮನೆಗೆ ಬರುವಳು. ಟೈಲ್ಸ್ ನೋಡಲು ಬಂದವರಿಗೆ ಯಾವುದು ಜಾರುತ್ತದೆ, ಯಾವುದು ಕೊಳೆ ತೋರಿಸುತ್ತದೆ ಎಂದು ಸಲಹೆಯನ್ನೂ ಕೊಡುತ್ತಿದ್ದಳಂತೆ. ಕಂಟ್ರಾಕ್ಟರ್ ತನ್ನ ಸೋಫಾ ಬಿಡಿಸಿಕೊಳ್ಳುವ ಆತುರದಲ್ಲಿ ಬೇರೆ ಕೆಲಸದ ಆಳುಗಳನ್ನೂ ಇಲ್ಲಿಗೇ ತಂದು ಸುರಿದ. ಕಲ್ಲು ಕರಗುವಷ್ಟು ನಿಧಾನ ಸಾಗುವ ಕೆಲಸ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿಯಿತು.

ಬಣ್ಣದ ವಾಸನೆ ಹೋಗಲೆಂದು ಬಿಟ್ಟು, ನೆಲ ಒರೆಸಿ, ಮತ್ತೆ ಒರೆಸಿ, ದೊಡ್ಡಮ್ಮನನ್ನು ಕೋಣೆಗೆ ಕರೆತಂದರು. ಕಂಟ್ರಾಕ್ಟರನೂ ಮೇಸ್ತ್ರಿಯೂ ಬಾಗಿಲಲ್ಲಿ ನಿಂತಿದ್ದರು. ಡಾಕ್ಟರು ಕನ್ನಡಕ ತೆಗೆಯಲು ಹಿಂದಿನ ದಿನವಷ್ಟೇ ಒಪ್ಪಿಗೆ ಕೊಟ್ಟಿದ್ದರು. ಕಣ್ಣು ಎಷ್ಟು ಉಳಿದಿದೆಯೋ ಯಾರಿಗೂ ಗೊತ್ತಿರಲಿಲ್ಲ. ಕೇಳುವ ಧೈರ್ಯವೂ ಯಾರಿಗೂ ಇರಲಿಲ್ಲ. ದೊಡ್ಡಮ್ಮ ಹೊಸ ಮಂಚದ ಮೇಲೆ ಅಂಗಾತ ಮಲಗಿ ಕನ್ನಡಕ ತೆಗೆದಳು. ಸೂರನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ನಿಧಾನವಾಗಿ ನೋಡಿದಳು.

"ಆ ಫ್ಯಾನಿನ ಪಕ್ಕದಲ್ಲಿ," ಎಂದಳು, "ಒಂದು ಉಬ್ಬಿದೆ."

ಎಲ್ಲರೂ ಕತ್ತೆತ್ತಿದರು. ಅವರಿಗೆ ಏನೂ ಕಾಣಲಿಲ್ಲ. ಮೇಸ್ತ್ರಿ ಮಾತ್ರ, "ಹೌದಮ್ಮ, ಒಂದು ಕಡಲೆಕಾಳಿನಷ್ಟು," ಎಂದ ನಾಚಿಕೊಂಡು.

ಚಿಕ್ಕಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಇಷ್ಟು ದಿನ ತಡೆದಿದ್ದದ್ದೆಲ್ಲ ಒಟ್ಟಿಗೆ ಬಂತು. ಇದೇನೂ ಅರ್ಥವಾಗದ ಕಂಟ್ರಾಕ್ಟರ್, ಮತ್ತೆ ತನ್ನ ಸೋಫಾ ಹೋಯಿತೆಂದು ಹೆದರಿ ಚಿಕ್ಕಪ್ಪನ ಮುಖ ನೋಡಿದ. ಪರವಾಗಿಲ್ಲ ಬಿಡಿ ಎನ್ನುತ್ತಾನೆಂದು ಕಾದ.

ಚಿಕ್ಕಪ್ಪ ಎದೆ ಸೆಟೆಸಿ ನಿಂತ. "ಮೇಸ್ತ್ರಿ," ಎಂದ, "ಏಣಿ ತನ್ನಿ. ಉಬ್ಬು ಉಜ್ಜಿ ಸಮ ಮಾಡಿ. ಆಗೋವರೆಗೆ ಯಾರೂ ಹೋಗೋ ಹಾಗಿಲ್ಲ."

"ರೀ," ಎಂದಳು ಚಿಕ್ಕಮ್ಮ ಅಳುತ್ತಲೇ, "ಉಜ್ಜಿದ್ರೆ ಧೂಳು ಬೀಳುತ್ತೆ. ಜೀವಮಾನದಲ್ಲಿ ಒಂದೇ ಒಂದು ಸಲ ಬಾಯಿ ಬಿಡ್ತೀರಿ, ಅದೂ ಬೇಡದ ಕಡೆ. ಆ ಏಣಿ ಈ ಕೋಣೆ ಒಳಗೆ ಬಂದ್ರೆ ನಿಮ್ಮ ಕಾಲು ಮುರೀತೀನಿ."

ಚಿಕ್ಕಪ್ಪ ಎದೆ ಇಳಿಸಿ ಅಡುಗೆಮನೆಗೆ ಹೋದ. ಬಾಗಿಲಲ್ಲಿದ್ದ ಇಬ್ಬರಿಗೂ ಒಂದೊಂದು ಲೋಟ ನೀರು ತಂದ.